ನಾಲ್ಕು ಕಿಟಕಿಯ ಗ್ರಹಣ

ಮೇಷ್ಟ್ರ ಎಡಗಿವಿ ಬಲು ಅಗಲ. ಅಂಚಿನ ತುಂಬ ಬಿಳಿ ಕೂದಲು. ಚಿಕ್ಕಂದಿನಲ್ಲಿ ಹತ್ತಕಡಕು ಹಾಕಿಸಿದ್ದ ತೂತು ಅರವತ್ತು ದಾಟಿದರೂ ಮುಚ್ಚಿರಲಿಲ್ಲ. ಆ ಕಿವಿಯನ್ನು ನನ್ನ ಕಂಪ್ಯೂಟರಿನ ಡಬ್ಬಕ್ಕೆ ಒತ್ತಿ, ಕಣ್ಣು ಮುಚ್ಚಿ, ಬಲಗೈ ಮೇಲೆತ್ತಿದರೆಂದರೆ ಅಂಗಡಿಯಲ್ಲಿದ್ದವರೆಲ್ಲ ಬಾಯಿ ಮುಚ್ಚಬೇಕು. ಹೊಸದಾಗಿ ಬಂದ ಗಿರಾಕಿಗಳು ಇದೇನು ಪೂಜೆಯೋ ವೈದ್ಯವೋ ತಿಳಿಯದೆ ಬಾಗಿಲಲ್ಲೇ ನಿಂತುಬಿಡುತ್ತಿದ್ದರು. "ಫ್ಯಾನು ಗೊರಗೊರ ಅಂತಿದೆ ಕಣಮ್ಮ, ಎಣ್ಣೆ ಕೇಳ್ತಿದೆ," ಎನ್ನುವರು. ಹತ್ತಕ್ಕೆ ಎಂಟು ಸಲ ಅವರ ಮಾತು ಸರಿಯಿರುತ್ತಿತ್ತು. ಉಳಿದೆರಡು ಸಲ ಅವರೇ ನಕ್ಕು, "ನನ್ನ ಕಿವೀಗೇ ಎಣ್ಣೆ ಬೇಕು ಅನ್ಸತ್ತೆ," ಎಂದು ಎದ್ದು ಹೋಗುವರು.

ಮುಳಬಾಗಿಲಿನ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಹೇಳಿಕೊಟ್ಟವರು ಅವರು. ತೊಂಬತ್ತರ ದಶಕದ ಮೊದಲ ವರ್ಷಗಳು. ತಾನು ಕಣ್ಣಾರೆ ನೋಡದ, ಕೈಯಾರೆ ಮಾಡದ ಯಾವುದನ್ನೂ ಪಾಠ ಹೇಳಬಾರದು ಎನ್ನುವುದು ಅವರ ಹಟ. ಅಲೆಗಳ ಪಾಠಕ್ಕೆ ನಮ್ಮನ್ನೆಲ್ಲ ದೇವರಾಯಸಮುದ್ರದ ಕೆರೆಗೆ ಕರೆದುಕೊಂಡು ಹೋಗಿ ಒಂದು ಗಂಟೆ ಕಲ್ಲು ಎಸೆಸಿದ್ದರು. ಹಾಲಿನ ಸಾಂದ್ರತೆಯ ಪಾಠ ಬಂದಾಗ ಭಾನುವಾರ ತಾವೊಬ್ಬರೇ ವಕ್ಕಲೇರಿಯವರೆಗೆ ಹೋಗಿ, ಅಲ್ಲಿನ ಹಾಲಿನ ಡೇರಿಯಲ್ಲಿ ಬೆಳಗ್ಗೆಯೆಲ್ಲ ನಿಂತು, ಸೋಮವಾರ ಬಂದು ಪಾಠ ಮಾಡಿದರು. ನನಗೆ ವಿಜ್ಞಾನದಲ್ಲಿ ಬಂದ ಅಂಕಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಪಾಠಕ್ಕೆ ಅವಮಾನ.

ಅವರ ಮನೆತನ ಪೌರೋಹಿತ್ಯದ್ದು. ಮೇಷ್ಟರಾಗಿದ್ದರೂ ಕರೆದವರ ಮನೆಗೆ ಹೋಗಿ ಪೂಜೆ ಮಾಡಿಸುತ್ತಿದ್ದರು. ಒಮ್ಮೆ ಕ್ಲಾಸಿನಲ್ಲಿ ನಾನೇ ಕೇಳಿದ್ದೆ, ವಿಜ್ಞಾನ, ಮಂತ್ರ ಎರಡೂ ಹೇಗೆ ಸಾರ್ ಎಂದು. "ನಿಮ್ಮನೇಲಿ ಕುಡಿಯೋ ನೀರಿಗೊಂದು ಕೊಡ, ಸ್ನಾನಕ್ಕೊಂದು ಹಂಡೆ ಇಲ್ವೇನಮ್ಮ? ಎರಡೂ ಬೇಕು. ಹಂಡೆ ನೀರು ಕೊಡಕ್ಕೆ ಹುಯ್ಯಬಾರದು ಅಷ್ಟೇ," ಎಂದಿದ್ದರು. ಇಷ್ಟು ಹೇಳಿದ ಅವರೇ ಮುಂದೊಂದು ದಿನ ಹಂಡೆಯ ನೀರನ್ನು ಎಲ್ಲಿಗೆ ಹುಯ್ದರು ಎನ್ನುವುದೇ ನಾನು ಹೇಳಹೊರಟ ಕತೆ.

ಮದುವೆಯಾದ ಮೇಲೂ ನಾನು ಅದೇ ಊರಿನಲ್ಲಿ ಉಳಿದೆ. ಎರಡು ಸಾವಿರದ ಆಚೆ, ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹಿಟ್ಟಿನ ಮಿಲ್ಲಿನ ಮೇಲಿನ ಮಹಡಿಯಲ್ಲಿ ಇಂಟರ್‌ನೆಟ್ ಸೆಂಟರ್ ಇಟ್ಟೆ. ಪ್ಲೈವುಡ್ಡಿನ ನಾಲ್ಕು ಗೂಡು, ನನ್ನ ಮುಂದೊಂದು, ಒಟ್ಟು ಐದು ಕಂಪ್ಯೂಟರು. ಕೆಳಗೆ ರಾಗಿ ಬೀಸುವಾಗ ಮೇಲೆ ನಮ್ಮ ಕುರ್ಚಿಗಳು ಸಣ್ಣಗೆ ನಡುಗುತ್ತಿದ್ದವು. ಮೇಷ್ಟ್ರು ನಿವೃತ್ತರಾದ ಮಾರನೆಯ ತಿಂಗಳೇ ಕೊಡೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಮೌಸನ್ನು ಆಮೆಮರಿ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿಯುತ್ತಿದ್ದರು. ಆರು ತಿಂಗಳಲ್ಲಿ ನನಗಿಂತ ಚೆನ್ನಾಗಿ ಕಲಿತರು. ಆಮೇಲೆ ನನ್ನ ಅಂಗಡಿಯಲ್ಲಿ ಏನು ಕೆಟ್ಟರೂ ಮೆಕ್ಯಾನಿಕ್ಕಿಗೆ ಮೊದಲು ಅವರಿಗೇ ಹೇಳಿಕಳಿಸುವುದು ರೂಢಿಯಾಯಿತು.

ಎರಡು ಸಾವಿರದ ಒಂಬತ್ತರ ಆಷಾಢದಲ್ಲಿ ಒಂದು ದಿನ ಬಂದವರು ಕೊಡೆ ಮಡಿಸದೆಯೇ ನಿಂತು, "ಅಮಾವಾಸ್ಯೆ ಬೆಳಗ್ಗೆ ನಿನ್ನ ಅಂಗಡಿ ಐದೂವರೆಗೆ ತೆಗೀತೀಯಾ?" ಎಂದರು.

"ಅವತ್ತು ಭೀಮನ ಅಮಾವಾಸ್ಯೆ ಸಾರ್. ಗ್ರಹಣ ಬೇರೆ. ಯಾರು ಬರ್ತಾರೆ?"

"ನಾನು ಬರ್ತೀನಿ."

ಆಗ ಗೊತ್ತಾಯಿತು. ಎಂಬತ್ತನೇ ಇಸವಿಯ ಪೂರ್ಣ ಸೂರ್ಯಗ್ರಹಣ ನಮ್ಮ ರಾಜ್ಯದ ಉತ್ತರ ಭಾಗದಲ್ಲೇ ಕಾಣುತ್ತಿತ್ತು. ರಾಯಚೂರಿಗೆ ಹೋಗಿ ನೋಡಿ ಬರಬೇಕೆಂದು ಆಗಿನ್ನೂ ಹೊಸ ಮೇಷ್ಟರಾಗಿದ್ದ ಇವರು ಚೀಲ ಕಟ್ಟಿಟ್ಟಿದ್ದರಂತೆ. ಅಪ್ಪ ಬೇಡ ಎಂದರು. ಇವರು ಎದುರಾಡಲಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಜಪ ಮಾಡುತ್ತ ಕೂತಿದ್ದರು. "ಅಲ್ಲಿಂದ ರಿಟೈರ್ ಆಗೋವರೆಗೂ ಪ್ರತಿ ವರ್ಷ ಗ್ರಹಣದ ಪಾಠ ಮಾಡಿದ್ದೀನಿ ಕಣಮ್ಮ. ನೋಡದೇ ಹೇಳಿದ ಪಾಠ ಅದೊಂದೇ. ಗಂಟಲಲ್ಲಿ ಸಿಕ್ಕಿಕೊಂಡ ಹಾಗಿದೆ."

"ಟಿವಿಯಲ್ಲೇ ತೋರಿಸ್ತಾರಲ್ಲ ಸಾರ್?"

"ಟಿವಿಯೋರು ಎರಡು ನಿಮಿಷ ಸೂರ್ಯನ್ನ ತೋರಿಸಿ ಎರಡು ಗಂಟೆ ರಾಶಿಫಲ ಹೇಳ್ತಾರೆ. ಅದೂ ಒಂದೇ ಊರಿಂದ. ಮಳೆಗಾಲ, ಆ ಊರಲ್ಲಿ ಮೋಡ ಇದ್ರೆ?"

ಅವರ ಲೆಕ್ಕ ಬೇರೆಯಿತ್ತು. ಸೂರತ್, ಭೋಪಾಲ್, ಕಾಶಿ, ಪಟ್ನಾ ಈ ನಾಲ್ಕು ಊರುಗಳ ಕಡೆಯಿಂದ ಯಾರು ಯಾರೋ ಉತ್ಸಾಹಿಗಳು ಕ್ಯಾಮೆರಾ ಇಟ್ಟು ಇಂಟರ್‌ನೆಟ್ಟಿನಲ್ಲಿ ಆ ಕ್ಷಣಕ್ಕೇ ತೋರಿಸುವವರಿದ್ದರು. ನಾಲ್ಕನ್ನೂ ಒಂದೇ ಪರದೆಯ ಮೇಲೆ ಅಂಗೈಯಗಲದ ನಾಲ್ಕು ಕಿಟಕಿಗಳಲ್ಲಿ ತೆರೆದಿಡುವುದು. ಎಲ್ಲಾದರೂ ಒಂದು ಕಡೆ ಮೋಡ ಸರಿದೀತು. ಜೊತೆಗೆ, ಚಂದ್ರನ ನೆರಳು ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತದೆಂದು ಬೋರ್ಡಿನ ಮೇಲೆ ಬರೆದದ್ದೇ ಬಂತು. ಕಿಟಕಿಗಳು ಒಂದಾದ ಮೇಲೊಂದು ಕಪ್ಪಾಗುವುದನ್ನು ಕಂಡರೆ ಆ ಓಟವೇ ಕಂಡ ಹಾಗೆ.

ರಿಹರ್ಸಲ್ ಇಲ್ಲದೆ ನಾಟಕವುಂಟೆ? ಎರಡು ವಾರ ಮೊದಲೇ ಶುರುವಾಯಿತು. ಗ್ರಹಣ ಇನ್ನೂ ಇರಲಿಲ್ಲವಾದ್ದರಿಂದ ಸಿಕ್ಕಿದ್ದನ್ನು ತೆರೆದೆವು: ಯಾವುದೋ ದೇಶದ ರಸ್ತೆ, ಒಂದು ವಾರ್ತೆ, ಒಂದು ಸಂಗೀತ ಕಛೇರಿ, ಒಂದು ಮೀನಿನ ತೊಟ್ಟಿ. ನಾಲ್ಕೂ ತೆರೆದು ಸ್ವಲ್ಪ ಹೊತ್ತಿಗೆ ವಾರ್ತೆಯವಳ ಬಾಯಿ ತೆರೆದದ್ದು ತೆರೆದೇ ನಿಂತಿತು. ಮೀನು ಎಡಕ್ಕೆ ಮುಳುಗಿ ಬಲಕ್ಕೆ ಎದ್ದಿತು. ಹಾಡುವವರು "ರಾ... ರಾ... ರಾ..." ಎಂದು ನಿಂತಲ್ಲೇ ತಿರುಗತೊಡಗಿದರು.

"ಸ್ಟ್ರಕ್ ಆಗ್ತಿದೆ ಸಾರ್," ಎಂದೆ.

"ಉಗ್ಗುತ್ತಿದೆ," ಎಂದು ಅವರು ತಿದ್ದಿದರು. "ಉಗ್ಗೋರಿಗೆ ಅವಸರ ಮಾಡಬಾರದು. ಯಾತಕ್ಕೆ ಅಂತ ವಿಚಾರಿಸಬೇಕು."

ನಾನು ಆಗಲೇ ಬ್ರೌಸರ್ ಮುಚ್ಚಿ, ಮೋಡೆಮ್ ಆರಿಸಿ, ಕಂಪ್ಯೂಟರ್ ಬಂದ್ ಮಾಡಲು ಕೈ ಹಾಕಿದ್ದೆ. ಎಲ್ಲವನ್ನೂ ಒಮ್ಮೆ ಆರಿಸಿ ಹಾಕುವುದು ನನ್ನ ವಿದ್ಯೆ. ಮೇಷ್ಟ್ರು ಮೆಲ್ಲಗೆ ನನ್ನ ಕೈ ತಡೆದರು. "ಒಂದು ಸಲಕ್ಕೆ ಒಂದೇ ಕಣಮ್ಮ. ಒಟ್ಟಿಗೆ ನಾಕು ಕಷಾಯ ಕುಡಿಸಿದ್ರೆ ಯಾವುದರಿಂದ ವಾಸಿಯಾಯ್ತು ಅಂತ ಹೇಗೆ ಹೇಳ್ತೀಯ? ನಾಳೆ ಮತ್ತೆ ಜ್ವರ ಬಂದ್ರೆ ಮತ್ತೆ ನಾಕೂ ಕುಡಿಸ್ತೀಯಾ?" ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಗೆರೆ ಎಳೆದರು. ಒಂದು ಕಡೆ ಮಾಡಿದ್ದು, ಇನ್ನೊಂದು ಕಡೆ ಕಂಡದ್ದು.

ಒಂದು ಕಿಟಕಿ: ಸರಾಗ. ಎರಡು: ಸರಾಗ. ಮೂರು: ಅಲ್ಲಲ್ಲಿ ಎಡವುತ್ತದೆ. ನಾಲ್ಕು: ಉಗ್ಗು. ಹಾಗಾದರೆ ಲೈನೇ ಸಾಲದೇನೋ ಎಂದು ಗೂಡುಗಳಲ್ಲಿದ್ದ ಗಿರಾಕಿಗಳನ್ನೆಲ್ಲ ಹತ್ತು ನಿಮಿಷ ಎಬ್ಬಿಸಿದೆವು. ಅವರ ಗೊಣಗಾಟದ ನಡುವೆ ನೋಡಿದರೆ ಉಗ್ಗು ಹಾಗೇ ಇತ್ತು. ಅನುಮಾನ ಕೆಳಗಿನ ಹಿಟ್ಟಿನ ಮಿಲ್ಲಿನ ಮೇಲೆ ಹೋಯಿತು. ಮಿಲ್ಲು ಶುರುವಾದರೆ ನನ್ನ ಟ್ಯೂಬ್‌ಲೈಟು ಕಣ್ಣು ಮಿಟುಕಿಸುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮೇಷ್ಟ್ರು ಕೆಳಗಿಳಿದು ಮಿಲ್ಲಿನವನನ್ನು ಬೇಡಿಕೊಂಡರು. ಅವನ ಮನೆಮಾತು ತೆಲುಗು, ಕೋಪ ಬಂದಾಗಲೂ ಪ್ರೀತಿ ಬಂದಾಗಲೂ ಅದೇ ಮೊದಲು ಬರುವುದು. ಐದು ನಿಮಿಷಕ್ಕೊಮ್ಮೆ ಮೆಟ್ಟಿಲ ಬುಡದಿಂದ, "ಏಮಿ ಸಾರ್, ಇಂಕಾ ಕಾಲೇದಾ? ಇನ್ನೂ ಆಗಿಲ್ವಾ? ರಾಗಿ ತಂದೋರು ಬೈತಾವ್ರೆ!" ಎಂದು ಕೂಗುತ್ತಿದ್ದ. ಮಿಲ್ಲು ನಿಂತಿದ್ದರೂ ವಾರ್ತೆಯವಳ ಬಾಯಿ ಮುಚ್ಚಲಿಲ್ಲ. ಮೇಷ್ಟ್ರು ಮತ್ತೆ ಕೆಳಗಿಳಿದು, "ನಿನ್ನ ಮೇಲೆ ಸುಮ್ಮನೆ ಅನುಮಾನಪಟ್ಟೆ ಕಣಯ್ಯ, ನೀನು ನಿರಪರಾಧಿ," ಎಂದು ಹೇಳಿ ಬಂದರು.

ಮಾರನೆಯ ದಿನ ನಾಲ್ಕು ಗೂಡಿನ ನಾಲ್ಕು ಕಂಪ್ಯೂಟರುಗಳಲ್ಲಿ ಒಂದೊಂದು ವಿಡಿಯೊ ಹಾಕಿದರು. ನಾಲ್ಕೂ ಎಣ್ಣೆ ಸವರಿದ ಹಾಗೆ ಓಡಿದವು. "ನೋಡಿದ್ಯಾ? ಲೈನು ತಪ್ಪು ಮಾಡಿಲ್ಲ. ತಪ್ಪು ನಿನ್ನ ಡಬ್ಬದ್ದು."

"ಸರಿ ಸಾರ್, ಗ್ರಹಣದ ದಿನ ಇವುಗಳಲ್ಲೇ ನೋಡಿ."

"ಗೂಡಿನಿಂದ ಗೂಡಿಗೆ ಓಡೋಕೆ ನಾನೇನು ಪಾರಿವಾಳವೇ? ಅಲ್ಲದೆ ಕರೆಂಟು ಹೋದ್ರೆ?" ಅದು ನಿಜ. ನನ್ನ ಯುಪಿಎಸ್ ಬ್ಯಾಟರಿ ಮುದಿಯಾಗಿ, ಮೋಡೆಮ್ಮನ್ನೂ ನನ್ನ ಮುಂದಿನ ಒಂದು ಕಂಪ್ಯೂಟರನ್ನೂ ಹೊರುವಷ್ಟು ಮಾತ್ರ ಶಕ್ತಿ ಉಳಿಸಿಕೊಂಡಿತ್ತು.

ಮೂರನೆಯ ದಿನ ಬೆಳಗ್ಗೆ ಬಂದು ಅಂಗಡಿ ತೆರೆದ ಕೂಡಲೇ ನಾಲ್ಕೂ ಹಾಕಿದರೆ ನಾಲ್ಕೂ ಸರಾಗ! ನಾನು ಕುಣಿದಾಡಿದೆ. ಮೇಷ್ಟ್ರು ಕುಣಿಯಲಿಲ್ಲ, ಗಡಿಯಾರ ನೋಡುತ್ತ ಕೂತರು. ಹನ್ನೊಂದನೇ ನಿಮಿಷಕ್ಕೆ ಮೀನು ನಿಂತಿತು. ಕಂಪ್ಯೂಟರ್ ಆರಿಸಿ ಅರ್ಧ ಗಂಟೆ ಬಿಟ್ಟು ಹಾಕಿದರು. ಮತ್ತೆ ಹತ್ತು ನಿಮಿಷ ಸರಾಗ, ಮತ್ತೆ ಉಗ್ಗು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ತಣ್ಣಗಿದ್ದಾಗ ಸರಿ, ಬಿಸಿಯಾದರೆ ಉಗ್ಗು. ಆಗ ಆ ಎಡಗಿವಿ ಡಬ್ಬಕ್ಕೆ ಒತ್ತಿತು. ಕೈ ಮೇಲೆ ಹೋಯಿತು.

"ಫ್ಯಾನು ಮಾತೇ ಆಡ್ತಿಲ್ಲ ಕಣಮ್ಮ."

ಪಕ್ಕದ ತಗಡು ತೆಗೆದೆವು. ಒಳಗೆ ಫ್ಯಾನಿನ ರೆಕ್ಕೆಗಳಿಗೂ ಅದರ ಕೆಳಗಿನ ಅಲ್ಯುಮಿನಿಯಂ ಹಲ್ಲುಗಳಿಗೂ ಬೂದುಬಣ್ಣದ ಹಿಟ್ಟು ಮೆತ್ತಿಕೊಂಡಿತ್ತು. ಮಿಲ್ಲಿನ ಹಿಟ್ಟು. ಹಿಟ್ಟಿನ ನಡುವೆ ಹಳದಿ ಹಳದಿಯಾಗಿ ಏನೋ. ಮೇಷ್ಟ್ರು ಕನ್ನಡಕ ಏರಿಸಿ, ಒಂದನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದರು.

ಅಕ್ಷತೆ.

ಪ್ರತಿ ವರ್ಷ ನನ್ನ ಅಂಗಡಿಯ ಆಯುಧಪೂಜೆ ಮಾಡಿಸುತ್ತಿದ್ದವರು ಅವರೇ. ಹಿಂದಿನ ವರ್ಷ, ಕಂಪ್ಯೂಟರಿಗೆ ಗಾಳಿಯಾಡಲಿ ಎಂದು ನಾನು ಪಕ್ಕದ ತಗಡು ತೆಗೆದಿಟ್ಟಿದ್ದೆ. ಮೇಷ್ಟ್ರು ಮಂತ್ರ ಹೇಳಿ, ನಿರ್ವಿಘ್ನವಾಗಿ ನಡೆಯಲಿ ಎಂದು ಹರಸಿ, ಧಾರಾಳವಾಗಿ ಅಕ್ಷತೆ ಹಾಕಿದ್ದರು. ತುಪ್ಪ ಅರಿಶಿನ ಕಲೆಸಿದ ಆ ಅಕ್ಕಿಗೆ ಮಿಲ್ಲಿನ ಹಿಟ್ಟು ಅಂಟಿ, ಒಂಬತ್ತು ತಿಂಗಳಲ್ಲಿ ಒಳ್ಳೆ ಚಕ್ಕುಲಿ ಹಿಟ್ಟಿನ ಹದಕ್ಕೆ ಬಂದಿತ್ತು.

ಅವರು ನಗತೊಡಗಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಊರೋರನ್ನೆಲ್ಲ ಅನುಮಾನಿಸಿದೆ. ಕಳ್ಳ ನಾನೇ! ನನ್ನ ಆಶೀರ್ವಾದ ಜಾಸ್ತಿಯಾಗಿ ನಿನ್ನ ಕಂಪ್ಯೂಟರಿಗೆ ಅಜೀರ್ಣ." ಬಣ್ಣ ಬಳಿಯುವ ಬ್ರಷ್ಷು, ಸೈಕಲ್ ಪಂಪು ತರಿಸಿ ಇಡೀ ಮಧ್ಯಾಹ್ನ ಒಂದೊಂದೇ ಕಾಳು ಬಿಡಿಸಿ ಕಾಗದದ ಮೇಲಿಟ್ಟರು. ಕೆಳಗೆ ಹೋಗಿ ಮಿಲ್ಲಿನವನಿಗೆ, "ನೀನು ಅರ್ಧ ನಿರಪರಾಧಿ," ಎಂದು ತಿದ್ದುಪಡಿ ಹೇಳಿ ಬಂದರು. ಸಂಜೆ ನಾಲ್ಕು ಕಿಟಕಿಯೂ ಒಂದೂವರೆ ಗಂಟೆ ನಿಲ್ಲದೆ ಓಡಿದವು. ಆ ಸಂಜೆಯಷ್ಟು ಖುಷಿಯನ್ನು ನಾನು ನನ್ನ ಪರೀಕ್ಷೆಯ ಫಲಿತಾಂಶ ಬಂದಾಗಲೂ ಪಟ್ಟಿರಲಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ಮೇಷ್ಟ್ರು ಕರೆದಿದ್ದ ಶಾಲೆಯ ಮಕ್ಕಳು ಯಾರೂ ಬರಲಿಲ್ಲ, ಮನೆಯವರು ಬಿಡಲಿಲ್ಲ. ಬಂದವರು ಮೇಷ್ಟ್ರು, ಅವರ ಹೆಂಡತಿ, ಮಿಲ್ಲಿನವನು. ಅಮ್ಮನವರು ಬಂದದ್ದೇ ನನಗೆ ಆಶ್ಚರ್ಯ. ಕೇಳಿದ್ದಕ್ಕೆ, "ಭೀಮನ ಅಮಾವಾಸ್ಯೆ ಕಣೇ, ಗ್ರಹಣ ಬಿಟ್ಟ ಮೇಲೆ ಇವರ ಪಾದಪೂಜೆ ಮಾಡಬೇಕು. ಪಾದ ಇಲ್ಲಿಗೆ ಬಂದ್ರೆ ನಾನೂ ಇಲ್ಲಿಗೇ ಬರಬೇಕಲ್ಲ," ಎಂದರು. ಆಮೇಲೆ ಮೆಲ್ಲಗೆ, "ಕಾಶಿ ಬೇರೆ ತೋರಿಸ್ತಾರಂತೆ," ಎಂದು ಸೇರಿಸಿದರು. ಮಾನಿಟರಿನ ಮೇಲೊಂದು, ಮೌಸಿನ ಮೇಲೊಂದು ದರ್ಭೆ ಇಟ್ಟರು. ಮೇಷ್ಟ್ರು, "ಇಡು, ಇಡು. ಡಬ್ಬದ ಒಳಕ್ಕೆ ಮಾತ್ರ ಬೇಡ," ಎಂದರು.

ಸೂರತ್ತಿನಲ್ಲಿ ಮೋಡ. ಭೋಪಾಲಿನಲ್ಲಿ ಮೋಡ. ಪಟ್ನಾ ಬರೀ ಬೂದಿ. ಕಾಶಿಯಲ್ಲಿ ಮಾತ್ರ ಸೂರ್ಯ ಕೊಬ್ಬರಿ ತುಂಡಿನಷ್ಟು ಉಳಿದಿದ್ದ. ಕೆಳಗೆ ಗಂಗೆಯ ತುಂಬ ಜನ.

"ಮೋಡದ ಕಿಟಕಿಗಳನ್ನ ಮುಚ್ಚಿಬಿಡಲೇ ಸಾರ್? ಕಾಶಿಗೆ ಏನೂ ತೊಂದರೆ ಆಗದ ಹಾಗೆ."

"ಬೇಡ. ಇಷ್ಟು ಕಷ್ಟಪಟ್ಟಿದ್ದು ನಾಲ್ಕಕ್ಕೂ. ಇರಲಿ."

ಮೊದಲು ಸೂರತ್ ಕಪ್ಪಾಯಿತು, ದೀಪ ಆರಿಸಿದ ಹಾಗೆ. "ಬಂತು," ಎಂದರು ಮೇಷ್ಟ್ರು. ಬೆರಳು ಪರದೆಯ ಮೇಲೆ ಎರಡನೇ ಕಿಟಕಿಗೆ ಸರಿಯಿತು. ಭೋಪಾಲ್ ಕಪ್ಪಾಯಿತು. ಒಂದು ಕಿಟಕಿಯೂ ಉಗ್ಗಲಿಲ್ಲ. ಕಾಶಿಯಲ್ಲಿ ಕೊಬ್ಬರಿ ತುಂಡು ಉಗುರಾಯಿತು, ಗೆರೆಯಾಯಿತು, ಹೋಯಿತು. ಕಪ್ಪು ಬಿಲ್ಲೆಯ ಸುತ್ತ ಬಿಳಿ ಜಡೆ ಬಿಚ್ಚಿ ಹರಡಿತು. ಅಮ್ಮನವರು "ವಿಶ್ವನಾಥಾ!" ಎಂದು ಕೈ ಮುಗಿದರು. ಮಿಲ್ಲಿನವನಿಗೆ ತೆಲುಗೇ ಮೊದಲು ಬಂತು, "ದೇವುಡಾ!"

"ಸಾರ್, ಕಾಶಿ ನೋಡಿ, ಕಾಶಿ!" ಎಂದು ಕೂಗಿದೆ. ಅವರು ನೋಡಿದರು, ಇಲ್ಲವೆಂದಲ್ಲ. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ನೋಡಿ ಮತ್ತೆ ಭೋಪಾಲದ ಕಿಟಕಿಗೇ ಕಣ್ಣು ತಿರುಗಿಸಿದರು. ಅಲ್ಲಿ ಮೋಡದಲ್ಲಿ ಏನೂ ಕಾಣದ್ದರಿಂದ ಯಾರೋ ಬೇಸತ್ತು ಕ್ಯಾಮೆರಾವನ್ನು ಮಹಡಿಯ ಸುತ್ತ ತಿರುಗಿಸುತ್ತಿದ್ದರು. ಮೇಲೆ ಕತ್ತಲು. ಕೆಳಗೆ ಬಾನಂಚಿನಲ್ಲಿ ಮಾತ್ರ ತೆಳ್ಳಗೆ ಕೆಂಪು. ಪೂರ್ವದಲ್ಲಿ ಕೆಂಪು, ದಕ್ಷಿಣದಲ್ಲಿ ಕೆಂಪು, ಪಶ್ಚಿಮ, ಉತ್ತರ, ಕ್ಯಾಮೆರಾ ತಿರುಗಿದ ಕಡೆಯೆಲ್ಲ ಕೆಂಪು.

"ನಾಲ್ಕೂ ದಿಕ್ಕಲ್ಲಿ ಸಂಜೆ," ಎಂದರು ಮೇಷ್ಟ್ರು. ದನಿ ಬೇರೆಯಾಗಿತ್ತು. "ಅಯ್ಯೋ, ಅವನು ಸರಿಯಾಗೇ ಬರೆದಿದ್ದ."

ಕೊನೆಗೆ ಪಟ್ನಾವೂ ಕಪ್ಪಾಗಿ, ಬೆಳಕು ಮರಳಿದ ಮೇಲೆ ಕುರ್ಚಿಯಲ್ಲಿ ಒರಗಿ ಹೇಳಿದರು. ನನಗಿಂತ ಎರಡು ಮೂರು ವರ್ಷ ಕೆಳಗಿನ ತರಗತಿಯಲ್ಲಿ ಶ್ರೀನಿವಾಸಪುರದ ಕಡೆಯ ಒಬ್ಬ ಹುಡುಗ ಓದುತ್ತಿದ್ದನಂತೆ. ಪೂರ್ಣ ಸೂರ್ಯಗ್ರಹಣವನ್ನು ವರ್ಣಿಸಿ ಎಂಬ ಎರಡು ಅಂಕದ ಪ್ರಶ್ನೆಗೆ, ನಡುರಾತ್ರಿಯ ಹಾಗೆ ಕತ್ತಲಾಗುತ್ತದೆ ಎಂದು ಮೇಷ್ಟ್ರು ಬರೆಸಿದ್ದನ್ನು ಬಿಟ್ಟು, ನಾಲ್ಕೂ ದಿಕ್ಕಿನಲ್ಲಿ ಸಂಜೆಯಾದಂತೆ ಕಾಣುತ್ತದೆ ಎಂದು ಬರೆದಿದ್ದ. ರಾಯಚೂರಿನಲ್ಲಿ ಕೆಲಸದಲ್ಲಿದ್ದ ಸೋದರಮಾವ ಎಂಬತ್ತರ ಗ್ರಹಣ ನೋಡಿ, ಊರಿಗೆ ಬಂದಾಗ ಹೇಳಿದ್ದಂತೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು. ಅಷ್ಟಕ್ಕೇ ಬಿಡಲಿಲ್ಲ. "ಸೂರ್ಯ ಒಬ್ಬನೇ ನಾಲ್ಕು ಕಡೆ ಮುಳುಗ್ತಾನೇನೋ?" ಎಂದು ತರಗತಿಯ ಎದುರಿಗೆ ಓದಿ ಹೇಳಿದರು. ಎಲ್ಲರೂ ನಕ್ಕರು.

"ನೋಡಿದೋರ ಮಾತನ್ನ ನೋಡದೋನು ಆಡಿಕೊಂಡೆ," ಎಂದರು. ಅಮ್ಮನವರು ಪಾದಪೂಜೆಯ ತಟ್ಟೆ ಮುಂದೆ ತಂದಾಗ ಕಾಲು ಹಿಂದಕ್ಕೆಳೆದುಕೊಂಡು, "ಸ್ವಲ್ಪ ತಡಿ. ಇವತ್ತು ಈ ಕಾಲು ಇನ್ನೊಂದು ಕಡೆ ಹೋಗೋದಿದೆ," ಎಂದರು. ಅಮ್ಮನವರು ಕೇಳಲಿಲ್ಲ. ಪೂಜೆ ಮಾಡಿ, ತಿಂಡಿ ತಿನ್ನಿಸಿಯೇ ಕಳಿಸಿದರು. ದಾರಿಯಲ್ಲಿ ತಲೆ ತಿರುಗಿದರೆ ಎಂದು ನನ್ನನ್ನೂ ಜೊತೆಗೆ ಅಟ್ಟಿದರು.

ಶ್ರೀನಿವಾಸಪುರದ ಬಸ್ಸು ಹತ್ತಿದೆವು. ಹುಡುಗ ಈಗ ಮಾವಿನ ಮಂಡಿ ನಡೆಸುತ್ತಾನೆಂದು ಅವರಿಗೆ ಗೊತ್ತಿತ್ತು. ಹಳೆಯ ವಿದ್ಯಾರ್ಥಿಗಳಲ್ಲಿ ಯಾರು ಎಲ್ಲಿದ್ದಾರೆ ಎಂಬುದು ಅವರಿಗೆ ಗೊತ್ತಿಲ್ಲದೆ ಇರುತ್ತಿರಲಿಲ್ಲ. ಸುಗ್ಗಿಯ ಕೊನೆ. ಮಂಡಿಯಲ್ಲಿ ಎದೆಯೆತ್ತರಕ್ಕೆ ತೋತಾಪುರಿ ರಾಶಿ, ಲಾರಿಗೆ ತುಂಬುತ್ತಿದ್ದ ಆಳುಗಳು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ದೊಡ್ಡ ಮೀಸೆಯವನು ಮೇಷ್ಟ್ರನ್ನು ಕಂಡು ದಡಬಡಿಸಿ ಎದ್ದ.

"ಸಾರ್, ನೀವಾ! ಒಂದು ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ ಸಾರ್!" ಎಂದು ಕಾಲು ಮುಟ್ಟಲು ಬಗ್ಗಿದ.

ಮೇಷ್ಟ್ರು ಅವನ ಭುಜ ಹಿಡಿದು ನಿಲ್ಲಿಸಿದರು. "ಗ್ರಹಣದ ಪ್ರಶ್ನೆಗೆ ನಿಂಗೆ ಎರಡು ಮಾರ್ಕು ಕೊಡಲಿಲ್ಲ. ನೆನಪಿದೆಯೇನೋ?"

ಅವನು ತಲೆ ಕೆರೆದುಕೊಂಡ. "ಮಾರ್ಕು ನೆನಪಿಲ್ಲ ಸಾರ್." ಆಮೇಲೆ ಮೀಸೆಯೊಳಗೇ, "ನಕ್ಕಿದ್ದು ನೆನಪೈತೆ," ಎಂದ.

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಆಳುಗಳ ಕಡೆ ತಿರುಗಿ, ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ತಮ್ಮ ಹಳೆಯ ದನಿಯಲ್ಲಿ ಕೂಗಿದರು. "ಎಲ್ಲರೂ ಸ್ವಲ್ಪ ಕೆಲಸ ನಿಲ್ಲಿಸ್ರಪ್ಪಾ! ಇಲ್ಲಿ ಕೇಳಿ. ನಾನು ಇವನ ಮೇಷ್ಟ್ರು. ಇವನು ಸರಿ ಬರೆದಿದ್ದ. ನಾನು ತಪ್ಪು ಅಂತ ಗೀಟು ಹಾಕಿ, ನಾಲ್ಕು ಜನರ ಮುಂದೆ ನಗಾಡಿದೆ. ಇವತ್ತು ಬೆಳಗ್ಗೆ ಕಣ್ಣಾರೆ ನೋಡಿದೆ. ಇವನೇ ಸರಿ. ನಾನು ತಪ್ಪು."

ಆಳುಗಳು ಕ್ರೇಟು ಹಿಡಿದುಕೊಂಡೇ ನಿಂತಿದ್ದರು. ಒಬ್ಬ ಪಕ್ಕದವನನ್ನು "ಏಮಂಟ?" ಎಂದು ಕೇಳಿದ. ಏನೆಂದು ಯಾರಿಗೂ ಗೊತ್ತಾಗಲಿಲ್ಲ. ಆದರೂ ತಮ್ಮ ಯಜಮಾನನಿಗೆ ಏನೋ ಒಳ್ಳೆಯದಾಯಿತೆಂದು ತಿಳಿದು ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಅಷ್ಟು ದೊಡ್ಡ ಮೀಸೆಯ ಮನುಷ್ಯ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ನನಗೂ ಅಳು ಬಂತು, ಅದನ್ನು ಮುಚ್ಚಿಡುವುದೇನಿದೆ.

ಆಮೇಲಿನ ವರ್ಷಗಳಲ್ಲಿ ಮೇಷ್ಟ್ರು ಅದನ್ನೇ ಒಂದು ವ್ರತ ಮಾಡಿಕೊಂಡರು. ಕೋಲಾರದ ಬ್ಯಾಂಕಿನಲ್ಲಿ, ಮಾಲೂರಿನ ಮದುವೆ ಮನೆಯಲ್ಲಿ, ಎಲ್ಲಿ ಹಳೆಯ ಶಿಷ್ಯರು ಸಿಕ್ಕರೂ ಕುಶಲ ಕೇಳುವ ಮೊದಲೇ, "ಗ್ರಹಣದ ಪಾಠ ಒಂಚೂರು ತಪ್ಪಾಗಿ ಹೇಳಿಬಿಟ್ಟಿದ್ದೆ ಕಣೋ," ಎಂದು ಶುರುಮಾಡುವರು. ಊಟದ ಎಲೆಯ ಮುಂದೆ ಕೂತವರಿಗೂ ಹೇಳಿ ಹಪ್ಪಳ ಮೆತ್ತಗಾಗಿಸಿದ್ದುಂಟು. ಹಾಗೇ ಒಂದು ಬೆಳಗ್ಗೆ, ಯಾರಿಗೂ ತೊಂದರೆ ಕೊಡದೆ, ಪೇಪರು ಓದುತ್ತ ಕೂತವರು ಹೋಗಿಬಿಟ್ಟರು.

ಅವರು ಹೋದ ಮೇಲೆ ನಾನು ಬಹಳ ಸಲ ತಪ್ಪು ಮಾಡಿದ್ದೇನೆ. ಅಂಗಡಿಯಲ್ಲಿ, ಮನೆಯಲ್ಲಿ, ಮಕ್ಕಳ ವಿಷಯದಲ್ಲಿ. ತಪ್ಪೆಂದು ತಿಳಿದ ಕೂಡಲೇ ಹೋಗಿ ಹೇಳಿಬಿಡುವ ಧೈರ್ಯ ನನಗೆ ಹುಟ್ಟಿನಿಂದ ಬಂದದ್ದಲ್ಲ. ಅದು ಮೇಷ್ಟ್ರು ಕೊಟ್ಟದ್ದು.

ಅವರು ಹೋದ ಹದಿಮೂರನೆಯ ದಿನ ಶ್ರೀನಿವಾಸಪುರದಿಂದ ಮಂಡಿಯವನು ಹತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದ. ಊಟವಾದ ಮೇಲೆ ನನ್ನ ಹತ್ತಿರ ಬಂದು, "ಅಕ್ಕಾ, ಇವಳು ನಂಬಲ್ಲ ಅಂತಾಳೆ. ನೀವು ಅವತ್ತು ಅಲ್ಲೇ ಇದ್ರಲ್ಲ, ಸ್ವಲ್ಪ ಹೇಳಿ," ಎಂದ.

ಆ ಹುಡುಗಿ ನನ್ನನ್ನೇ ದಿಟ್ಟಿಸಿ, "ಮೇಷ್ಟ್ರು ಕೂಡ ತಪ್ಪು ಮಾಡ್ತಾರಾ?" ಎಂದು ಕೇಳಿದಳು.

"ಮಾಡ್ತಾರಮ್ಮ," ಎಂದೆ. "ನಮ್ಮ ಮೇಷ್ಟ್ರು ಮಾಡಿದ್ರು. ಬಸ್ ಹತ್ತಿ ಬಂದು, ನಿಮ್ಮಪ್ಪನ ಎದುರಿಗೆ ನಿಂತು ಹೇಳಿದ್ರು."